ರಿಚರ್ಡ್ಸ್ ಟೌನಿನ ಗ್ವಾಡಿ ಒಲಿ

ಮಿಲಿಟರಿಯವರ ತುತ್ತೂರಿ ಮೊದಲು ಒಂಟಿಯಾಗಿ ಏಳುತ್ತಿತ್ತು. ಮರುಕ್ಷಣ ಕೆರೆಯ ನೀರಿಗೆ ತಾಗಿ ಮರಳಿದಂತೆ ಇನ್ನೊಮ್ಮೆ, ತುಸು ಮಂಕಾಗಿ ಕೇಳಿಸುತ್ತಿತ್ತು. ಹಲಸೂರಿನ ಆ ವಠಾರದಲ್ಲಿ ಗಡಿಯಾರ ಇಟ್ಟುಕೊಂಡವರೂ ಬೆಳಿಗ್ಗೆ ಅದರ ಮುಖ ನೋಡುತ್ತಿರಲಿಲ್ಲ. ತುತ್ತೂರಿ ಊದಿತೆಂದರೆ ಬಾಲಮ್ಮ ಎದ್ದಳೆಂದು ಅರ್ಥ. ಬಾಲಮ್ಮ ಎದ್ದಳೆಂದರೆ ಇನ್ನರ್ಧ ಗಂಟೆಗೆ ಬಿಸಿನೀರು ಸಿಗುತ್ತದೆಂದು ಅರ್ಥ.

ಎಂಟು ಕೋಣೆಗೆ ಒಂದೇ ಬಚ್ಚಲು. ಅದರ ಮೂಲೆಯ ಮಣ್ಣಿನ ಒಲೆ ಅವಳೇ ಹಾಕಿದ್ದು. ಎರಡು ಹಿಡಿ ಮರದ ಚಕ್ಕೆ ತುರುಕಿದರೆ ಹಂಡೆ ನೀರು ಕಾಯುತ್ತಿತ್ತು. ಹಾಕಿದ ಹೊಸದರಲ್ಲಿ ಎಲ್ಲರೂ ಹೊಗಳಿದರು. ಆಮೇಲೆ ಅದು ಗೋಡೆಯಷ್ಟೇ ಹಳೆಯದೆಂಬಂತೆ ಮರೆತರು. ಬಾಲಮ್ಮ ಮಾತ್ರ ಪ್ರತಿ ಬೆಳಿಗ್ಗೆ ಅದರ ಅಂಚನ್ನು ಒದ್ದೆ ಕೈಯಿಂದ ಒಮ್ಮೆ ಸವರದೆ ಬೆಂಕಿ ಹಚ್ಚುತ್ತಿರಲಿಲ್ಲ.

ಅವಳೂ ಅವಳ ಗಂಡ ಪೀರಪ್ಪನೂ ರಾಯಚೂರು ಸೀಮೆಯ ದೇವದುರ್ಗದ ಕಡೆಯವರು. ಬೆಂಗಳೂರಿಗೆ ಬಂದು ಎಂಟು ವರ್ಷವಾಗಿತ್ತು. ಪೀರಪ್ಪ ಪಾಯ ಅಗೆಯುತ್ತಿದ್ದ. ಅವಳು ಸನಾವುಲ್ಲಾ ಮೇಸ್ತ್ರಿಯ ಕೈಕೆಳಗೆ ಗಾರೆ ಹೊರುತ್ತಿದ್ದಳು. ಕಲಸಿದ ಗಾರೆಯನ್ನು ಬಾಂಡ್ಲಿಗೆ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟು, ಬೊಂಬು ಕಟ್ಟಿದ ಸಾರುವೆಯ ಮೇಲೆ ನಿಂತ ಗಂಡಸಿಗೆ ಎತ್ತಿ ಕೊಡುವುದು. ಕರಣೆ ಹಿಡಿದು ಮೆತ್ತುವವನು ಅವನು. ಹೆಂಗಸರ ಕೈಗೆ ಕರಣೆ ಕೊಡಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಯಾರೂ ಕೊಡುತ್ತಿರಲಿಲ್ಲ, ಅಷ್ಟೆ. ಒಮ್ಮೆ ಕಾಕ್ಸ್ ಟೌನಿನ ಮನೆಯೊಂದರಲ್ಲಿ ಗಾರೆಯವನು ಊಟಕ್ಕೆ ಹೋದಾಗ ಬಾಲಮ್ಮ ಅವನು ಬಿಟ್ಟುಹೋದ ಮೂಲೆಯೊಂದನ್ನು ತಾನೇ ಮೆತ್ತಿ ನಯಮಾಡಿದ್ದಳು. ಬಂದವನು ನೋಡಿದ, ಬೆರಳಿಟ್ಟು ಸವರಿದ, ಯಾವ ತಪ್ಪೂ ಸಿಗದೆ ಇದ್ದರೂ ಪೂರಾ ಕೆರೆದುಹಾಕಿ ಮತ್ತೆ ಮೆತ್ತಿದ. ಆ ಕೆರೆದ ಸದ್ದು ಬಾಲಮ್ಮನ ಕಿವಿಯಲ್ಲಿ ಬಹಳ ದಿನ ಉಳಿಯಿತು. ಕರಣೆ ಹಿಡಿಯುವ ಕೆಲಸ ಬೇಕು ಎಂದು ಅವಳಿಗೆ ಗಟ್ಟಿಯಾದದ್ದು ಆ ದಿನ.

ತೊಂಬತ್ತಾರರ ಚಳಿಗಾಲ. ಬೆಂಗಳೂರಿನ ಡಿಸೆಂಬರಿಗೆ ಆಗಿನ್ನೂ ಹಲ್ಲಿತ್ತು. ರಿಚರ್ಡ್ಸ್ ಟೌನಿನಲ್ಲಿ ಮೆಹರುನ್ನೀಸಾ ಎಂಬ ನಿವೃತ್ತ ಟೀಚರಮ್ಮನ ಹಳೆಯ ಬಂಗಲೆಯ ರಿಪೇರಿ ನಡೆಯುತ್ತಿತ್ತು. ಶನಿವಾರ ಸಂಜೆ ಸುತ್ತಲ ಬೀದಿಗಳ ಮಕ್ಕಳು ಅವರ ಮನೆಗೆ ಕತೆ ಕೇಳಲು ಬರುವುದು ಮೊದಲಿನಿಂದಲೂ ಇದ್ದ ರೂಢಿ. ನಡುಮನೆಯ ಗೋಡೆಯಲ್ಲಿ ದೊರೆಗಳ ಕಾಲದ ಫೈರ್‌ಪ್ಲೇಸು ಬಿದ್ದುಹೋಗಿ, ಮೇಲಿನ ಚಿಮಣಿ ಮಾತ್ರ ಪಾರಿವಾಳಗಳಿಗೆ ಮನೆಯಾಗಿತ್ತು. ಅಲ್ಲಿ ಹೊಸದು ಆಗಬೇಕು, ನೋಡಿದ ಕೂಡಲೇ ಬಾಯಿಗೆ ಕತೆ ಬರುವಂತಿರಬೇಕು ಎಂದು ಅವರು ಹೇಳಿದ್ದರು. ಎಂಜಿನಿಯರು ಅದಕ್ಕೊಂದು ನಕ್ಷೆ ಬರೆದುಕೊಟ್ಟಿದ್ದ. ಸನಾವುಲ್ಲಾ ಅದನ್ನು ನೆಲದ ಮೇಲೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಚೂರು ಇಟ್ಟ.

ಮೆಹರುನ್ನೀಸಾ ಕನ್ನಡಕ ಏರಿಸಿ ನೋಡಿದರು. "ಇದೇನು ಮೇಸ್ತ್ರಿ, ಬ್ಯಾಂಕ್ ಕೌಂಟರಾ? ಇದರ ಮುಂದೆ ಕೂತ್ರೆ ಮಕ್ಕಳಿಗೆ ಕತೆ ಅಲ್ಲ, ಪಾಸ್‌ಬುಕ್ ಜ್ಞಾಪಕ ಬರುತ್ತೆ."

"ಗ್ರಾನೈಟು ಆಪಾ. ಪಾಲಿಶ್ ಹೊಡೆದ್ರೆ ಮುಖ ಕಾಣುತ್ತೆ."

"ಮುಖ ನೋಡ್ಕೊಳ್ಳೋಕೆ ಕನ್ನಡಿ ಇದೆಯಪ್ಪ ನನ್ಹತ್ರ."

ಬಾಂಡ್ಲಿ ಹೊತ್ತು ಹಾದುಹೋಗುತ್ತಿದ್ದ ಬಾಲಮ್ಮನಿಗೆ ನಗು ತಡೆಯಲಾಗಲಿಲ್ಲ. ಸನಾವುಲ್ಲಾ ತಿರುಗಿದ. "ಏನಮ್ಮಾ, ಏನು ನಗು?"

"ಏನಿಲ್ರೀ."

"ಅಲ್ಲ, ಹೇಳು. ಹೇಳ್ಬಿಟ್ಟು ಹೋಗು."

ಬಾಲಮ್ಮ ಬಾಂಡ್ಲಿ ಇಳಿಸಿದಳು. "ಗ್ವಾಡಿ ಒಳಗ ಹಾಕಿದ್ರೂ ಒಲಿ ಅಂದ್ರ ಕುಂತಂಗ ಇರ್ಬೇಕ್ರೀ. ಇದು ನಿಂತೈತಿ. ನಿಂತ್ಕೊಂಡು ಯಾರ್ರೀ ಕತಿ ಹೇಳ್ತಾರ?"

"ಬಂದ್ರಪ್ಪಾ, ರಾಯಚೂರಿನ ಎಂಜಿನಿಯರಮ್ಮ!" ಎಂದು ಸನಾವುಲ್ಲಾ ಕೈ ಜೋಡಿಸಿದ. ಜೊತೆಗೆ ಗಾರೆ ಹೊರುತ್ತಿದ್ದ ಗಂಗಲಕ್ಷ್ಮಮ್ಮ ಸೆರಗು ಬಾಯಿಗೊತ್ತಿ ನಕ್ಕಳು. ಆದರೆ ಮೆಹರುನ್ನೀಸಾ ನಗಲಿಲ್ಲ. "ಕೂತ ಹಾಗೆ ಅಂದ್ರೆ ಹೇಗೆ? ತೋರಿಸು" ಎಂದರು.

ಬಾಲಮ್ಮ ಕಾಂಪೌಂಡಿನ ಮೂಲೆಯಿಂದ ಒಂದು ಹಿಡಿ ಒದ್ದೆ ಮಣ್ಣು ತಂದು ವರಾಂಡದ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತಳು. ಹೆಬ್ಬೆರಳಿನಿಂದ ಮಣ್ಣಿನಲ್ಲಿ ಎರಡು ಮೊಣಕಾಲು ಎತ್ತಿದಳು. ಅವುಗಳ ನಡುವೆ ಬೆಂಕಿಯ ಬಾಯಿ. ಹಿಂದೆ ಬಾಗಿದ ಬೆನ್ನು, ಮೇಲೆ ಹೊದ್ದ ಕೌದಿಯ ಮಡಿಕೆ. ತುದಿಯಲ್ಲೊಂದು ಪುಟ್ಟ ತಲೆ, ಕಡ್ಡಿಯಿಂದ ಎರಡು ಕಣ್ಣು. ಅದು ಅವಳ ಅಜ್ಜಿ. ಊರಲ್ಲಿ ಚಳಿಗಾಲದ ಬೆಳಗಿನಲ್ಲಿ ಒಲೆಯ ಮುಂದೆ ಹೀಗೇ ಕೂತಿರುತ್ತಿದ್ದಳು. ಮಕ್ಕಳು ಅವಳಿಗೂ ಒಲೆಗೂ ನಡುವೆ ನುಸುಳಿಕೊಳ್ಳುತ್ತಿದ್ದವು.

ಮೆಹರುನ್ನೀಸಾ ಬಹಳ ಹೊತ್ತು ನೋಡಿದರು. "ತುಂಬ ಚೆನ್ನಾಗಿದೆ ಬಾಲಮ್ಮ. ಆದ್ರೆ ಮುಖ ಬೇಡ. ನಮ್ಮ ಮನೇಲಿ ಮನುಷ್ಯರ ಮೂರ್ತಿ ಇಡೋದಿಲ್ಲ. ತಪ್ಪು ತಿಳ್ಕೋಬೇಡ."

ಬಾಲಮ್ಮ ಹೆಬ್ಬೆರಳಿನಿಂದ ತಲೆಯನ್ನು ಒತ್ತಿ ಬೆನ್ನಿಗೇ ಸೇರಿಸಿಬಿಟ್ಟಳು. ನೋವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಅಜ್ಜಿಯ ಮುಖ ಅವಳಿಗೂ ಸರಿಯಾಗಿ ನೆನಪಿರಲಿಲ್ಲ. ನೆನಪಿದ್ದದ್ದು ಬೆನ್ನು.

ಸನಾವುಲ್ಲಾ ನಕ್ಷೆ ಸುತ್ತಿ ಕಂಕುಳಲ್ಲಿಟ್ಟುಕೊಂಡ. "ಕಟ್ಟಲಿ ಆಪಾ, ನಿಮ್ಮ ಮನೆ, ನಿಮ್ಮ ಇಷ್ಟ. ಆದ್ರೆ ಕೇಳಿಸ್ಕೋ ಬಾಲಮ್ಮಾ, ಹೊಗೆ ಒಳಗೆ ಬಂತೋ, ಮಾರನೇ ದಿನ ಒಡೆದು ಗ್ರಾನೈಟ್ ಕೂರಿಸ್ತೀನಿ. ಆಮೇಲೆ ನೀನು ಬಾಂಡ್ಲಿ ಬಿಟ್ಟು ಬೇರೆ ಮಾತು ಎತ್ತಬಾರದು."

"ಹೊಗಿ ಬರ್ಲಿಲ್ಲಂದ್ರ?"

"ಬರ್ಲಿಲ್ಲಂದ್ರೆ ನೋಡೋಣ."

"ನೋಡೂದಲ್ರೀ. ಕರಣಿ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಸರಿ. ಕರಣೆ" ಎಂದ. ಎಂಟು ವರ್ಷದಲ್ಲಿ ಅವಳು ಅವನೊಂದಿಗೆ ನಡೆಸಿದ ಅತಿ ಉದ್ದದ ಮಾತುಕತೆ ಅದೇ ಇದ್ದೀತು.

ಮಣ್ಣು ಹುಡುಕುವುದೇ ದೊಡ್ಡ ಕೆಲಸವಾಯಿತು. ಪೇಟೆಯ ಮಣ್ಣಿಗೆ ಬಿಗಿಯಿರಲಿಲ್ಲ. ಕೃಷ್ಣರಾಜಪುರದ ಆಚೆ, ಲೇಔಟಿಗೆಂದು ಜೆಸಿಬಿ ಉರುಳಿಸಿದ್ದ ಹೊಲವೊಂದರಲ್ಲಿ ಒಡೆದ ಹುತ್ತ ಬಿದ್ದಿರುವುದನ್ನು ಪೀರಪ್ಪ ನೋಡಿ ಬಂದಿದ್ದ. ಭಾನುವಾರ ಇಬ್ಬರೂ ಹೋಗಿ, ಬಾಲಮ್ಮ ಮೊದಲು ಕೈಮುಗಿದು, ಎರಡು ಗೋಣಿ ತುಂಬಿದರು. ಬಸ್ಸಿನಲ್ಲಿ ಕಂಡಕ್ಟರ್ ಗೋಣಿಯನ್ನು ಕಾಲಿಂದ ಒತ್ತಿ ನೋಡಿದ.

"ಏನ್ ಗುರು ಇದು, ಅಕ್ಕಿನಾ?"

"ಮಣ್ಣುರೀ" ಎಂದ ಪೀರಪ್ಪ.

"ಊರಿಗೆ ಊರೇ ಸೈಟ್ ತಗೊಳ್ತಾ ಇದೆ, ನೀನು ಗೋಣೀಲಿ ತಗೊಂಡ್ ಹೋಗ್ತಾ ಇದ್ದೀಯಲ್ಲಪ್ಪಾ!"

ಬಸ್ಸೆಲ್ಲ ನಕ್ಕಿತು. ಬಾಲಮ್ಮ ಗೋಣಿಯನ್ನು ಮಗುವಿನಂತೆ ಕಾಲುಗಳ ನಡುವೆ ಹಿಡಿದುಕೊಂಡೇ ಹಲಸೂರಿನವರೆಗೆ ಬಂದಳು.

ಹುತ್ತದ ಮಣ್ಣಿಗೆ ಸಗಣಿ, ಸಣ್ಣಗೆ ಕತ್ತರಿಸಿದ ಒಣಹುಲ್ಲು, ಒಂದಿಷ್ಟು ಬೆಲ್ಲದ ನೀರು ಹಾಕಿ ಮೂರು ದಿನ ಕೊಳೆಸಿ, ತುಳಿದು ಹದಮಾಡಿದಳು. ಒಳಗೆ ಇಟ್ಟಿಗೆಯ ಗೂಡು, ಮೇಲೆ ಮಣ್ಣಿನ ಮೈ. ಹೊರಮೈ ತೀಡುವ ದಿನ ಬಂದಾಗ ಅವಳು ಕೈಯಲ್ಲಿ ಮಣ್ಣು ಹಿಡಿದು ಸುಮ್ಮನೆ ನಿಂತಳು.

"ಏನಾಯ್ತು?" ಮೆಹರುನ್ನೀಸಾ ಕೇಳಿದರು.

"ಅಮ್ಮಾರ, ನಮ್ಮ ಮನ್ಯಾಗ ಒಲಿ ತೀಡೂ ಮುಂದ ಯಾರರ ಕತಿ ಹೇಳ್ತಿರ್ಬೇಕ್ರೀ. ಮಾತ್ ನಿಂತ್ರ ಕೈ ನಿಲ್ತೈತಿ. ಕೈ ನಿಂತ್ರ ಮಣ್ಣಿನ್ಯಾಗ ಗೆರಿ ಬೀಳ್ತೈತಿ, ಮುಂದ ಅಲ್ಲೇ ಸೀಳ್ತೈತಿ."

"ಹಾಗಾದ್ರೆ ಹೇಳು."

"ತೀಡೂಕಿ ಹೇಳಂಗಿಲ್ರೀ. ಬ್ಯಾರೇದವ್ರು ಹೇಳ್ಬೇಕು."

ಮೆಹರುನ್ನೀಸಾ ಬೆತ್ತದ ಸ್ಟೂಲು ಎಳೆದುಕೊಂಡು ಕೂತರು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಒಬ್ಬಂಟಿಯಾಗಿ ಇಳಿದ ಒಂಟೆಯೊಂದರ ಕತೆ ಶುರುಮಾಡಿದರು. ಅದಕ್ಕೆ ಟಿಕೆಟ್ ಇತ್ತು, ಒಡೆಯ ಇರಲಿಲ್ಲ. ಸ್ಟೇಷನ್ ಮಾಸ್ತರನಿಗೆ ಅದನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸಬೇಕೋ ಸಾಮಾನಿನ ಲೆಕ್ಕಕ್ಕೋ ತಿಳಿಯದು. ಒಂಟೆ ಕೋಲ್ಸ್ ಪಾರ್ಕಿನ ಕಡೆ ನಡೆಯಿತು. ಬಾಲಮ್ಮನ ಅಂಗೈ ಮೊಣಕಾಲಿನಿಂದ ಬೆನ್ನಿಗೆ, ಬೆನ್ನಿನಿಂದ ಕೌದಿಯ ಮಡಿಕೆಗೆ ಏರಿ ಇಳಿಯಿತು. ಗಂಗಲಕ್ಷ್ಮಮ್ಮ ಖಾಲಿ ಬಾಂಡ್ಲಿ ಹಿಡಿದು ಬಾಗಿಲಲ್ಲೇ ನಿಂತಳು. ಮರಗೆಲಸದವನ ಗರಗಸ ನಿಂತಿತು. ಸನಾವುಲ್ಲಾ ಒಳಗೆ ಬಂದು, "ಎಲ್ಲರಿಗೂ ಇವತ್ತು ರಜಾನಾ?" ಎಂದು ಗದರಿದ, ಆಮೇಲೆ, "ಆಮೇಲೆ ಒಂಟೆ ಏನಾಯ್ತು ಆಪಾ?" ಎಂದ.

ಒಣಗಲು ಹದಿನೈದು ದಿನ ಬಿಟ್ಟರು. ದಿನ ಕಳೆದಂತೆ ಅದು ಮಾಸಿದ ಕೆಂಪಿಗೆ ತಿರುಗಿ, ಗೋಡೆಯಿಂದ ಯಾರೋ ಹೊರಬಂದು ಕೂತ ಹಾಗೆ ಕಾಣತೊಡಗಿತು. ಸನಾವುಲ್ಲಾ ಟೇಪು ಹಿಡಿದು ಅಳೆದ. "ಬಾಯಿ ನೆಲಕ್ಕೇ ಅಂಟ್ಕೊಂಡಿದೆಯಲ್ಲಮ್ಮಾ! ಕುರ್ಚಿಯಲ್ಲಿ ಕೂತವರಿಗೆ ಬೆಂಕಿ ಕಾಣೋದು ಹೇಗೆ?"

ಬಾಲಮ್ಮ ತಬ್ಬಿಬ್ಬಾದಳು. ಅವಳು ಅಳತೆ ತೆಗೆದುಕೊಂಡದ್ದು ತಾನು ಕುಕ್ಕರಗಾಲಲ್ಲಿ ಕೂತಾಗ ಕಣ್ಣು ಎಲ್ಲಿ ಬರುತ್ತದೋ ಅಲ್ಲಿಂದ. ಒಲೆಯ ಮುಂದೆ ಯಾರಾದರೂ ಕುರ್ಚಿ ಹಾಕಿಕೊಂಡು ಕೂರುತ್ತಾರೆಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಮೆಹರುನ್ನೀಸಾ, "ಮಕ್ಕಳು ನೆಲದ ಮೇಲೇ ಕೂರ್ತಾರೆ, ಬಿಡಿ ಮೇಸ್ತ್ರಿ" ಎಂದು ತೇಲಿಸಿದರು.

ಆದರೆ ಬೆಂಕಿ ಹಚ್ಚಿದ ದಿನ ತೇಲಿಸುವಂಥದ್ದೇನೂ ಉಳಿಯಲಿಲ್ಲ. ಮಂಗಳವಾರ ಮಧ್ಯಾಹ್ನ. ಕಡ್ಡಿ ಗೀರಿದ ಐದು ನಿಮಿಷಕ್ಕೆ ಹೊಗೆ ಬಾಯಿಂದ ಹೊರಗೆ ಉಕ್ಕಿತು. ಹೊಸದಾಗಿ ಸುಣ್ಣ ಬಳಿದ ಸೂರು ಮಬ್ಬಾಯಿತು. ಮೆಹರುನ್ನೀಸಾ ಕೆಮ್ಮುತ್ತ ವರಾಂಡಕ್ಕೆ ಓಡಿದರು. ಸನಾವುಲ್ಲಾ ತಾನೇ ಹೆಂಚಿನ ಮೇಲೆ ಹತ್ತಿ ಚಿಮಣಿಯೊಳಗೆ ಇಣುಕಿ ಬಂದ. ತೆಗೆಸಿಹಾಕಿದ್ದ ಪಾರಿವಾಳದ ಗೂಡು ಮತ್ತೆ ಬಂದಿಲ್ಲ, ಇಟ್ಟಿಗೆ ಬಿದ್ದಿಲ್ಲ. ಮೇಲೆ ಎಲ್ಲ ಸರಿಯಿತ್ತು.

"ತಪ್ಪು ನಿನ್ನ ಮಣ್ಣಲ್ಲೇ ಇದೆ" ಎಂದ. ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಅದೇ ಬಾಲಮ್ಮನಿಗೆ ಹೆಚ್ಚು ಚುಚ್ಚಿತು. "ನಾಳೆ ಒಡೆದು ಗ್ರಾನೈಟಿಗೆ ಹೇಳ್ತೀನಿ."

"ಶನಿವಾರದ ತನಕ ಬಿಡ್ರಿ."

"ಯಾಕೆ, ಹೊಗೆಗೆ ಬುದ್ಧಿ ಬರುತ್ತಾ ಅಷ್ಟರಲ್ಲಿ?"

"ನನಗ ಬರ್ತೈತ್ರೀ."

ಅವನು ಕೈಗಂಟಿದ ಮಸಿ ಒರೆಸಿಕೊಂಡು ಹೊರಟುಹೋದ. ಹೋದದ್ದೇ ಒಪ್ಪಿಗೆ ಎಂದುಕೊಂಡಳು ಬಾಲಮ್ಮ.

ಎಲ್ಲರೂ ಹೊರಗಿದ್ದಾಗ ಅವಳೊಬ್ಬಳೇ ಒಲೆಯ ಮುಂದೆ ನೆಲದ ಮೇಲೆ ಕೂತಳು. ಕೂತವಳ ಕಣ್ಣಿಗೆ ಹೊಗೆಯಿರಲಿಲ್ಲ. ಅದೆಲ್ಲ ತಲೆಯ ಮೇಲೆ ತೂಗುತ್ತಿತ್ತು. ಅವಳು ಇನ್ನೆರಡು ಚಕ್ಕೆ ಹಾಕಿ, ಕತ್ತು ಬಾಗಿಸಿ, ಗೂಡಿನೊಳಗೆ ನೋಡಿದಳು. ಹೊಗೆ ಮೇಲಕ್ಕೆ ಹೋಗಲು ಹವಣಿಸುತ್ತಿತ್ತು. ಹಬ್ಬದ ಹಿಂದಿನ ದಿನ ಬಸ್ಸಿನ ಬಾಗಿಲಲ್ಲಿ ಜನ ನೂಕಾಡುವಂತೆ ಚಿಮಣಿಯ ಕೆಳಗೆ ಗುಂಪುಗೂಡಿ, ಜಾಗ ಸಿಗದೆ ಹಿಂದಕ್ಕೆ ಬರುತ್ತಿತ್ತು. ಅಲ್ಲಿ ಅವಳು ಬಿಟ್ಟಿದ್ದ ದಾರಿ ಅಂಗೈ ಅಗಲದ್ದು.

ಯಾಕೆ ಅಷ್ಟೇ ಬಿಟ್ಟೆ? ತನ್ನನ್ನೇ ಕೇಳಿಕೊಂಡಳು. ಕೇಳಿಕೊಂಡ ಕೂಡಲೇ ಊರಿನ ಒಲೆ ಕಣ್ಣಮುಂದೆ ಬಂತು. ಅಲ್ಲಿ ಉರುವಲೆಂದರೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ. ಹಿಡಿ ಕಟ್ಟಿಗೆಯಲ್ಲಿ ಎರಡು ಹೊತ್ತಿನ ರೊಟ್ಟಿ ಬೇಯಬೇಕು. ಕಾವು ಒಂದು ಚೂರೂ ಪೋಲಾಗದಂತೆ ಹೊಗೆಯ ಕಿಂಡಿಯನ್ನು ಹಿಸುಕಿ ಹಿಸುಕಿ ಸಣ್ಣಗೆ ಮಾಡುತ್ತಿದ್ದಳು ಅಜ್ಜಿ. ಅವಳು ಹಾಕಿದ ಒಲೆ ನಾಲ್ಕೇ ಕಡ್ಡಿಯಲ್ಲಿ ಅನ್ನ ಕುದಿಸುತ್ತದೆಂದು ಓಣಿಯಲ್ಲಿ ಹೆಸರಿತ್ತು. ಬಾಲಮ್ಮನ ಕೈ ಆ ಹೆಸರನ್ನು ರಿಚರ್ಡ್ಸ್ ಟೌನಿಗೂ ಹೊತ್ತು ತಂದಿತ್ತು. ಆದರೆ ಇಲ್ಲಿ ಬೇಯಿಸಬೇಕಾದ್ದು ಏನೂ ಇಲ್ಲ. ಈ ಒಲೆ ಇರುವುದೇ ಕಾವು ಹೊರಗೆ ಚೆಲ್ಲುವುದಕ್ಕೆ. ಚೆಲ್ಲುವುದಕ್ಕೂ ಒಂದು ಒಲೆ ಬೇಕಾಗುತ್ತದೆಂದು ಅವಳಿಗೆ ಯಾರು ಹೇಳಬೇಕಿತ್ತು?

ಬುಧವಾರ ಅವಳು ಒಳಗಿನ ಬೆನ್ನನ್ನು ಒಡೆದಳು. ತಾನೇ ನಯಮಾಡಿದ್ದನ್ನು ತಾನೇ ಉಳಿಯಿಂದ ಕೆತ್ತುವಾಗ ಹಲ್ಲು ಕಚ್ಚಿದ್ದಳು. ಹೊಗೆಯ ದಾರಿಯನ್ನು ಮೊರದಷ್ಟು ಅಗಲ ಮಾಡಿದಳು. ಹೊಸ ಮಣ್ಣು ಬೇಗ ಒಣಗಲೆಂದು ಎರಡು ದಿನ ಬೆಳಿಗ್ಗೆ ಸಂಜೆ ಕೆಂಡದ ಬಾಂಡ್ಲಿ ಒಳಗಿಟ್ಟಳು. ಗಂಗಲಕ್ಷ್ಮಮ್ಮ ತನ್ನ ಕೆಲಸ ಮುಗಿಸಿ ಬಂದು, ಕೇಳದಿದ್ದರೂ, ತೀಡುವವಳ ಪಕ್ಕ ಕೂತು ಮಾಲೂರಿನ ತನ್ನ ಅತ್ತೆ ಕೋಳಿ ಕದ್ದವನನ್ನು ಕನಸಿನಲ್ಲಿ ಹಿಡಿದ ಕತೆ ಹೇಳಿದಳು. "ಇದು ಕತೆಯಲ್ಲ ಕಣೇ, ನಡೆದದ್ದು" ಎಂದು ನಡುನಡುವೆ ಆಣೆ ಇಡುತ್ತಿದ್ದಳು.

ಶನಿವಾರ ಹನ್ನೊಂದು ಮಕ್ಕಳು ಬಂದರು. ಬಾಲಮ್ಮ ಬೆಂಕಿ ಹಚ್ಚಿ ಪಕ್ಕಕ್ಕೆ ಸರಿದು ಗೋಡೆಗೆ ಅಂಟಿ ನಿಂತಳು. ಹೊಗೆ ಒಮ್ಮೆ ಬಾಯಿಯವರೆಗೆ ಬಂದು ಇಣುಕಿತು. ಆಮೇಲೆ ಯಾರೋ ಹಿಂದಿನಿಂದ ಕರೆದಂತೆ ಅದು ತಿರುಗಿ, ಬೆನ್ನು ಸವರಿಕೊಂಡು ನೇರ ಮೇಲಕ್ಕೆ ಹೋಯಿತು.

"ಇದು ಆನೆ!" ಎಂದಿತು ಒಂದು ಮಗು. "ಮೂತಿ ಒಳಗಿಟ್ಕೊಂಡು ಮಲಗಿದೆ."

"ಆನೆಯಂತೆ! ಬೆಟ್ಟ ಕಣೋ ಅದು, ನಂದಿ ಬೆಟ್ಟ."

"ನಮ್ಮ ದಾದಿಮಾ ನಮಾಜಿಗೆ ಹೀಗೇ ಕೂರ್ತಾರೆ."

"ಒಂಟೆ! ಒಂಟೆ!"

ಮುಖವಿಲ್ಲದ್ದರಿಂದ ಯಾರ ಮಾತೂ ಸುಳ್ಳಾಗಲಿಲ್ಲ. ಆನೆ ಯಾಕೆ ಮಲಗಿತು ಎಂದು ಒಬ್ಬ ಹೇಳತೊಡಗಿದ. ಬೆಟ್ಟದೊಳಗೆ ಬೆಂಕಿ ಇಟ್ಟವರು ಯಾರೆಂದು ಇನ್ನೊಬ್ಬಳು. ಮೆಹರುನ್ನೀಸಾ ಕತೆ ಹೇಳಲು ತೆರೆದ ಪುಸ್ತಕವನ್ನು ಮಡಿಲಲ್ಲೇ ಮುಚ್ಚಿದರು.

ಬಾಗಿಲಲ್ಲಿ ನಿಂತಿದ್ದ ಸನಾವುಲ್ಲಾನಿಗೆ ಬೆಂಕಿ ಕಾಣುತ್ತಿರಲಿಲ್ಲ. ಬಾಗಿದ. ಇನ್ನೂ ಬಾಗಿದ. ಕೊನೆಗೆ ಪ್ಯಾಂಟು ಮೊಣಕಾಲಿಗೆ ಎಳೆದುಕೊಂಡು ಮಕ್ಕಳ ಹಿಂದೆ ನೆಲದ ಮೇಲೇ ಕೂತ. ಸ್ವಲ್ಪ ಹೊತ್ತು ತಡೆದುಕೊಂಡಿದ್ದ. "ಆನೇನೂ ಅಲ್ಲ, ಒಂಟೇನೂ ಅಲ್ಲ ಮಕ್ಕಳೇ. ಶ್ರೀನಿವಾಸಪುರದಲ್ಲಿ ನಮ್ಮ ಮಾಮೂ ಹತ್ರ ಒಂದು ಎತ್ತಿತ್ತು. ಮಾವಿನಹಣ್ಣಿನ ಗಾಡಿ ಎಳೀತಾ ಎಳೀತಾ ನಡುರಸ್ತೇಲಿ ಹಿಂಗೇ ಕೂತ್ಬಿಡೋದು. ಒಂದು ದಿನ ಏನಾಯ್ತು..." ಎಂದು ಶುರುಮಾಡಿದವನು, ಎತ್ತು ಎದ್ದು ಹಣ್ಣು ಚೆಲ್ಲಿ ಪೊಲೀಸರೂ ಬಂದು ಕೂತು ಹಣ್ಣು ತಿನ್ನುವವರೆಗೂ ನಿಲ್ಲಿಸಲಿಲ್ಲ. ಇಪ್ಪತ್ತು ವರ್ಷದಿಂದ ಅವನ ಬಾಯಿಂದ ಗಾರೆ, ಜಲ್ಲಿ, ಮಟ್ಟಗೋಲುಗಳ ಮಾತಷ್ಟೇ ಕೇಳಿದ್ದ ಕೆಲಸದವರು ಒಬ್ಬರನ್ನೊಬ್ಬರು ನೋಡಿಕೊಂಡರು.

ಸೋಮವಾರ ಸನಾವುಲ್ಲಾ ಹಿಡಿಗೆ ಬಟ್ಟೆ ಸುತ್ತಿದ ಹಳೆಯ ಕರಣೆಯೊಂದನ್ನು ಬಾಲಮ್ಮನತ್ತ ಚಾಚಿ, "ಸ್ವಲ್ಪ ಎಡಕ್ಕೆ ಎಳೆಯುತ್ತೆ. ನೋಡ್ಕೊಂಡು ಹಾಕು" ಎಂದ. ಸಾರುವೆಯ ಮೇಲಿದ್ದವರಲ್ಲಿ ಒಬ್ಬ ಪಕ್ಕದವನಿಗೆ, "ಏನ್ ಮಗಾ, ಇನ್ಮೇಲೆ ನಾವು ಬಾಂಡ್ಲಿ ಹೊರೋದಾ?" ಎಂದ. "ಹೊತ್ರೆ ಸೊಂಟ ನೆಟ್ಟಗಾಗುತ್ತೆ, ಹೊರು" ಎಂದಳು ಗಂಗಲಕ್ಷ್ಮಮ್ಮ. ಅವನು ಹೊತ್ತ.

ಆಮೇಲೆ ಅಂಥ ಒಲೆ ಕಟ್ಟಿಸುವವರು ಹೆಚ್ಚು ಸಿಗಲಿಲ್ಲ. ಊರಿನ ಚಳಿಯೂ ವರ್ಷ ವರ್ಷ ತೆಳುವಾಗುತ್ತ ಬಂತು. ಬಾಲಮ್ಮ ಕಟ್ಟಿದ್ದು, ಮೆತ್ತಿದ್ದು ಎಲ್ಲರೂ ಕಟ್ಟುವಂಥ ಗೋಡೆಗಳನ್ನೇ: ಹಲಸೂರಿನ ಅಂಗಡಿ, ಇಂದಿರಾನಗರದ ಮಹಡಿ ಮೇಲಿನ ಮಹಡಿ. ಕೆಲವು ಡಿಸೆಂಬರುಗಳಲ್ಲಿ ಮೆಹರುನ್ನೀಸಾ ಹೇಳಿಕಳಿಸುತ್ತಿದ್ದರು. ಅವಳು ಹೋಗಿ ಬಿರುಕು ಬಿಟ್ಟಲ್ಲಿ ಮಣ್ಣು ಮೆತ್ತಿ, ಮಕ್ಕಳು ಬರುವ ಮೊದಲು ಎದ್ದು ಬರುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ, ಇಂದಿರಾನಗರದ ಹನ್ನೆರಡನೇ ಮೇನಿನ ಒಂದು ಮನೆಯ ಮುಂದೆ ಊಟದ ಡಬ್ಬಿ ಬಿಚ್ಚುತ್ತ ಗಂಗಲಕ್ಷ್ಮಮ್ಮ ಸುದ್ದಿ ಹೇಳಿದಳು. "ರಿಚರ್ಡ್ಸ್ ಟೌನ್ ಮನೆ ಒಡೀತಾರಂತೆ ಕಣೇ. ಟೀಚರಮ್ಮ ಮಗಳ ಮನೆಗೆ ಹೋದ್ರಂತೆ. ಅಪಾರ್ಟ್‌ಮೆಂಟ್ ಬರುತ್ತಂತೆ."

ಬಾಲಮ್ಮ ರೊಟ್ಟಿ ಮುರಿಯುತ್ತಿದ್ದಳು. ಮುರಿದ ಚೂರನ್ನು ಹಾಗೇ ಹಿಡಿದುಕೊಂಡು ಬೀದಿಯ ಮಳೆಮರದ ನೆರಳು ನೋಡಿದಳು.

"ಒಡೆಯೋ ಮೊದ್ಲು ಒಂದ್ಸಲ ಹೋಗಿ ನೋಡ್ಕೊಂಡು ಬಾರೇ. ಸನಾವುಲ್ಲಾ ಮೇಸ್ತ್ರಿಗೆ ಹೇಳಿದ್ರೆ ಅರ್ಧ ದಿನ ಬಿಡ್ತಾರೆ."

"ನೋಡಿ ಏನ್ ಮಾಡ್ಲೇ ಗಂಗಕ್ಕಾ. ಅದು ನನಗ ಕಣ್ಣ ಮುಚ್ಚಿದ್ರ ಕಾಣ್ತೈತಿ. ಯಾವ ಮಡಿಕಿ ಮ್ಯಾಲ ಯಾವ ಬೆರಳಿನ ಗುರ್ತೈತಿ ಅಂಬೂದೂ ಗೊತ್ತೈತಿ."

"ಬೇಜಾರಿಲ್ವಾ?"

"ಆಗ್ದ ಏನ್." ಅವಳು ಚೂರನ್ನು ಬಾಯಿಗಿಟ್ಟು ನಿಧಾನ ಅಗಿದಳು. "ಆದ್ರ ಇನ್ನೊಂದ್ ಕಟ್ಟಂದ್ರ ಇವತ್ತೂ ಕಟ್ಟೇನಿ. ಸನಾವುಲ್ಲಾ ಸಾಬ್ರು ಏನರ ಅನ್ಲಿ, ಬಾಯಿ ಮಾತ್ರ ಅಷ್ಟ ಕೆಳಗ ಇಡ್ತೀನಿ, ಕುಂತೇ ನೋಡ್ಲಿ ಎಲ್ಲಾರೂ." ಬಲಗೈಯನ್ನು ನೆಲದಿಂದ ಮೊಳದೆತ್ತರ ಹಿಡಿದು ತೋರಿಸಿದಳು. "ಬೆನ್ನು ಇನ್ನೊಂದೀಟು ಬಗ್ಗಿಸ್ತೀನಿ. ಅವಾಗ ಕೈ ಹೆದರಿತ್ತು, ನೆಟ್ಟಗಾತು. ಹೊಗಿ ದಾರಿ ಅಂತೀಯಾ, ಅದನ್ನ ಮೊದಲ..."

ಒಳಗೆ ಅವಳು ಅರ್ಧ ಮೆತ್ತಿ ಬಂದ ಗೋಡೆಯ ಮೇಲೆ ಕಿಟಕಿಯ ಬಿಸಿಲು ಬಂದು ನಿಂತಿತ್ತು. ಅಂಚು ಬೆಳ್ಳಗಾಗುತ್ತಿತ್ತು, ಇನ್ನು ಸ್ವಲ್ಪ ಹೊತ್ತಾದರೆ ಬಿಗಿದುಕೊಳ್ಳುತ್ತದೆ. ಬಾಲಮ್ಮ ಡಬ್ಬಿ ಮುಚ್ಚಿ ಎದ್ದಳು. "ಮೊದಲ ಮೊರದಗಲ ಬಿಟ್ಕೊಂಡು, ಆಮ್ಯಾಲ ಸುತ್ತಲಿಂದ..." ಎನ್ನುತ್ತ, ಕೈ ತೊಳೆಯಲು ನೀರಿನ ಡ್ರಮ್ಮಿನ ಹತ್ತಿರ ಒಂದು ಗಳಿಗೆ ನಿಂತು, ಕರಣೆ ಎತ್ತಿಕೊಂಡು, ಗೋಡೆಯ ಕಡೆ ನಡೆಯುತ್ತಲೇ, "ಸುತ್ತಲಿಂದ ಮಣ್ಣು ಏರಿಸ್ಕೋತ ಬಂದ್ರ, ಅಲ್ಲಿ ಹೊಗಿ ತಾನ ದಾರಿ ಹಿಡೀತೈತಿ" ಎಂದು ಕರಣೆಯನ್ನು ಒದ್ದೆ ಗೋಡೆಗೆ ಇಟ್ಟಳು.